ರೆಫರಿ ಗಂಟಲು ಹರಿಯುವಂತೆ ಕೂಗಬೇಕಾದ ಹೊತ್ತು

ಪೇಂಟ್‌ಬಾಲ್ ಎಂದರೆ ಬಣ್ಣ ತುಂಬಿದ ಗುಂಡನ್ನು ಗನ್ನಿನಿಂದ ಎದುರಾಳಿಗೆ ಹೊಡೆಯುವ ಆಟ; ಮೈಮೇಲೆ ಬಣ್ಣ ಒಡೆದವನು ಔಟ್, ಅವನು ಕೈ ಎತ್ತಿ ಹೊರಗೆ ಬರಬೇಕು. ದೀಪಾವಳಿ ರಜೆ ಮುಗಿದ ಮೇಲೆ ಪೇಂಟ್‌ಬಾಲ್ ಕುರಿತು ಬಂದ ಪತ್ರಗಳನ್ನು ಓದುತ್ತ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಗುಂಡು ತಗುಲಿ ನೋವಾಯಿತು ಎಂದು ದೂರಿದವರು ಕಡಿಮೆ. ಮೈದಾನದಲ್ಲಿ ಸೀಟಿ ಹಿಡಿದು ನಿಂತವನ ಮಾತಿನಿಂದ ನೋವಾಯಿತು ಎಂದವರೇ ಹೆಚ್ಚು. ಆ ಸೀಟಿಯನ್ನು ಹನ್ನೆರಡು ವರ್ಷ ಹಿಡಿದವನು ನಾನು. ಈಗ ಹೊಸ ರೆಫರಿಗಳಿಗೆ ತರಬೇತಿ ಕೊಡುತ್ತಿದ್ದೇನೆ. ಬಂದ ಪತ್ರಗಳಲ್ಲಿ ನಾಲ್ಕನ್ನು ಆಯ್ದು ಉತ್ತರಿಸಿದ್ದೇನೆ.

ಪ್ರಶ್ನೆ: ರಜೆಗೆ ಊರಿಗೆ ಬಂದ ಮಕ್ಕಳೆಲ್ಲ ಸೇರಿ ನಾವು ಹನ್ನೊಂದು ಜನ ಪೇಂಟ್‌ಬಾಲ್ ಆಡಲು ಹೋಗಿದ್ದೆವು. ಎಲ್ಲರಿಗೂ ಅದೇ ಮೊದಲು. ಎದುರಿಗೆ ಸ್ವಂತ ಗನ್ ತಂದಿದ್ದ ಹುಡುಗರ ಗುಂಪನ್ನು ಹಾಕಿದರು. ಹದಿನಾಲ್ಕು ವರ್ಷದ ನನ್ನ ಅಕ್ಕನ ಮಗ ಕೈ ಎತ್ತಿ ಹೊರಗೆ ಬರುತ್ತಿದ್ದಾಗಲೂ ಬೆನ್ನಿಗೆ ಮೂರು ಗುಂಡು ಬಿದ್ದವು. ರೆಫರಿಗೆ ಹೇಳಿದರೆ, ‘ಇಷ್ಟಕ್ಕೆ ಅಳುವವರು ಇಲ್ಲಿಗೆ ಬರಬಾರದು’ ಎಂದು ಆ ಹುಡುಗರ ಜೊತೆ ಸೇರಿ ನಕ್ಕ. ಆಟವೇ ಹೀಗೋ, ನಮಗೇ ತಿಳಿವಳಿಕೆ ಸಾಲದೋ? (ಓದುಗರು, ಶಿರಸಿ)

ಉತ್ತರ: ಆಟ ಹೀಗಲ್ಲ. ನಿಮ್ಮ ತಿಳಿವಳಿಕೆಯಲ್ಲೂ ಕೊರತೆಯಿಲ್ಲ. ಹುಡುಗ ಕೈ ಎತ್ತಿದ ಮೇಲೆ ಅವನ ಬೆನ್ನಿಗೆ ಬಿದ್ದ ಒಂದೊಂದು ಗುಂಡಿಗೂ, ಗನ್ನಿನ ಕುದುರೆ ಎಳೆದವನಷ್ಟೇ ಆ ರೆಫರಿಯೂ ಹೊಣೆಗಾರ.

ತಪ್ಪು ಶುರುವಾದದ್ದು ತಂಡ ಕಟ್ಟುವಾಗಲೇ. ಬಾಡಿಗೆ ಗನ್ ಹಿಡಿದ ಹೊಸಬರ ಎದುರು ಸ್ವಂತ ಸಲಕರಣೆ ತಂದವರನ್ನು ಇಡಿಯಾಗಿ ನಿಲ್ಲಿಸಬಾರದು. ಬೇರೆ ದಾರಿಯಿಲ್ಲದಿದ್ದರೆ ಅವರನ್ನು ಎರಡೂ ಕಡೆಗೆ ಹಂಚಬೇಕು. ಅಪರೂಪಕ್ಕೊಮ್ಮೆ ಚೆಂಡು ಮುಟ್ಟುವ ಮಕ್ಕಳನ್ನು ಜಿಲ್ಲಾ ತಂಡದ ವಾಲಿಬಾಲ್ ಆಟಗಾರರ ಎದುರು ಯಾರೂ ನಿಲ್ಲಿಸುವುದಿಲ್ಲ. ಇಲ್ಲಿ ಏಕೆ ನಿಲ್ಲಿಸುತ್ತಾರೆಂದರೆ, ವಾರ ವಾರ ಬರುವ ಗುಂಪು ಮುನಿಸಿಕೊಳ್ಳಬಾರದು, ವರ್ಷಕ್ಕೊಮ್ಮೆ ಬರುವ ಕುಟುಂಬ ಹೇಗೂ ಸುಮ್ಮನಿರುತ್ತದೆ ಎಂಬ ಲೆಕ್ಕಾಚಾರಕ್ಕೆ. ಈ ಲೆಕ್ಕಾಚಾರದಿಂದ ಹಾಳಾದ ಮೈದಾನಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೆಯದು ವೇಗ. ಬಣ್ಣದ ಗುಂಡು ಸುಮಾರು 17 ಮಿಲಿಮೀಟರ್ ಅಗಲದ, ಮೂರು ಗ್ರಾಂ ತೂಕದ ಜೆಲಟಿನ್ ಉಂಡೆ. ಸೆಕೆಂಡಿಗೆ 300 ಅಡಿ, ಅಂದರೆ ಸುಮಾರು 91 ಮೀಟರ್, ಎಂಬುದು ಈ ಆಟದಲ್ಲಿ ರೂಢಿಯಾಗಿರುವ ಮೇಲ್ಮಿತಿ. ಮನರಂಜನೆಯ ಮೈದಾನಗಳಲ್ಲಿ ಇದನ್ನು 280ಕ್ಕೋ ಇನ್ನೂ ಕೆಳಕ್ಕೋ ಇಳಿಸಿಡುವುದು ವಾಡಿಕೆ. ಹೊರಗಿನಿಂದ ತಂದ ಪ್ರತಿಯೊಂದು ಗನ್ನನ್ನೂ ಕ್ರೋನೋಗ್ರಾಫ್ ಎಂಬ ವೇಗಮಾಪಕದ ಮುಂದೆ ಹಾರಿಸಿ ನೋಡಿದ ಮೇಲಷ್ಟೇ ಒಳಗೆ ಬಿಡಬೇಕು. ಗುಂಡನ್ನು ಹಾರಿಸುವ ಕಾರ್ಬನ್ ಡೈಆಕ್ಸೈಡ್ ತುಂಬಿದ ಸಿಲಿಂಡರಿನಲ್ಲಿ ಬಿಸಿಲು ಏರಿದಂತೆ ಒತ್ತಡವೂ ಏರುತ್ತದೆ. ಬೆಳಿಗ್ಗೆ ಎಂಟಕ್ಕೆ ಸರಿಯಿದ್ದ ಗನ್ ಕರಾವಳಿಯ ಮಧ್ಯಾಹ್ನದಲ್ಲಿ ಮಿತಿ ಮೀರಿರಬಹುದು. ಹಾಗಾಗಿ ಊಟದ ನಂತರ ಮತ್ತೊಮ್ಮೆ ಅಳೆಯಬೇಕು. ನಿಮ್ಮ ಎದುರು ತಂಡದ ಗನ್ನುಗಳನ್ನು ಯಾರಾದರೂ ಅಳೆದದ್ದನ್ನು ನೀವು ನೋಡಿದಿರಾ? ಹದಿನಾಲ್ಕರ ಹುಡುಗನಿಗೆ 12.7 ಮಿಲಿಮೀಟರಿನ ಸಣ್ಣ ಗುಂಡಿನ ಗನ್ ಇತ್ತೇ ಎಂದು ಕೇಳಿದಿರಾ? ಅದರ ಪೆಟ್ಟು ದೊಡ್ಡ ಗುಂಡಿನ ಅರ್ಧಕ್ಕಿಂತಲೂ ಕಡಿಮೆ. ಮಕ್ಕಳಿಗೆಂದೇ ಅದನ್ನು ಇಟ್ಟುಕೊಂಡ ಮೈದಾನಗಳಿವೆ. ಮುಂದಿನ ಸಲ ಫೋನ್ ಮಾಡುವಾಗಲೇ ಈ ಎರಡೂ ಪ್ರಶ್ನೆ ಕೇಳಿ. ಉತ್ತರ ತಡವರಿಸಿದರೆ ಅಲ್ಲಿಗೆ ಹೋಗಬೇಡಿ.

ಮೂರನೆಯದು, ನನಗೆ ಎಲ್ಲಕ್ಕಿಂತ ಸಿಟ್ಟು ತರಿಸಿದ್ದು. ಔಟಾದವನನ್ನು ಹೊರಗೆ ಕರೆತರುವುದು ರೆಫರಿಯ ಮೊದಲ ಕೆಲಸ. ಮಗು ಕೈ ಎತ್ತಿದ ಕೂಡಲೇ ರೆಫರಿ ‘ಔಟ್, ಔಟ್’ ಎನ್ನುತ್ತ ಅದರ ಬಳಿಗೆ ನಡೆಯಬೇಕು. ಗುಂಡು ಬರುವ ದಿಕ್ಕಿಗೆ ತನ್ನ ಬೆನ್ನು ಕೊಟ್ಟು, ಮಗುವನ್ನು ತನ್ನ ಮರೆಯಲ್ಲಿಟ್ಟುಕೊಂಡು ಮೈದಾನದ ಸುತ್ತಲಿನ ಬಲೆಯ ಆಚೆಗೆ ಬಿಟ್ಟು ಬರಬೇಕು. ನನಗೆ ಕೆಲಸ ಕಲಿಸಿದ ಹಿರಿಯರು ದಿನಕ್ಕೆ ಇಪ್ಪತ್ತು ಸಲ ಹೀಗೆ ನಡೆಯುತ್ತಿದ್ದರು. ಸಂಜೆ ಅವರ ಅಂಗಿಯ ಬೆನ್ನು ಹಳದಿ, ಕೇಸರಿ ಬಣ್ಣದಿಂದ ಗಟ್ಟಿಯಾಗಿ ನಿಂತಿರುತ್ತಿತ್ತು, ಎದೆಯ ಭಾಗ ಮಾತ್ರ ಬೆಳಿಗ್ಗೆ ಇದ್ದಂತೆಯೇ ಇರುತ್ತಿತ್ತು. ಔಟಾದವನ ಮೇಲೆ ಬೇಕೆಂದೇ ಹೊಡೆದವನಿಗೆ ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಆ ದಿನಕ್ಕೆ ಆಟ ಬಂದ್.

ಈ ಆಟ ಮೊದಲು ನಡೆದದ್ದು 1981ರ ಜೂನ್ 27ರಂದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಬಳಿಯ ಕಾಡಿನಲ್ಲಿ. ಮರಗಳಿಗೂ ದನಗಳಿಗೂ ಗುರುತು ಹಾಕಲು ಬಳಸುತ್ತಿದ್ದ ಬಣ್ಣದ ಪಿಸ್ತೂಲು ಹಿಡಿದು ಹನ್ನೆರಡು ಮಂದಿ ಬಾವುಟ ಹುಡುಕುತ್ತ ಹೊರಟರು. ಅವತ್ತು ಗೆದ್ದವನು ಒಂದೇ ಒಂದು ಗುಂಡನ್ನೂ ಹಾರಿಸಿರಲಿಲ್ಲ. ‘ಇಷ್ಟಕ್ಕೆ ಅಳುವವರು’ ಎಂದವನಿಗೆ ಈ ಸಂಗತಿ ಗೊತ್ತಿದ್ದರೆ ಚೆನ್ನಾಗಿತ್ತು.

ಇನ್ನು ಅವನ ಮಾತು. ಮನೆಯ ಮೆಟ್ಟಿಲು ಹತ್ತಿದವರಿಗೆ ಮೊದಲು ಆಸರಿಗೆ (ಕುಡಿಯಲು ಏನಾದರೂ) ಬೇಕೇ ಎಂದು ಕೇಳುವ ಸೀಮೆ ನಮ್ಮದು. ಮೈದಾನಕ್ಕೆ ಬಂದವರನ್ನು ಮಾಲೀಕ ಕಾಣುವುದಿಲ್ಲ, ಹಣ ಪಡೆದ ಹುಡುಗಿ ಎರಡು ನಿಮಿಷ ಕಾಣುತ್ತಾಳೆ. ಎರಡು ಗಂಟೆ ಅವರ ಜೊತೆ ಇರುವವನು ರೆಫರಿ. ಆ ಮನೆಯ ಯಜಮಾನ ಅವನೇ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ನಮ್ಮ ಮೈದಾನದಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ಹೆದರಿದ ಹುಡುಗಿಯೊಬ್ಬಳನ್ನು ಎಲ್ಲರೆದುರು ಅಣಕಿಸಿದ. ಅವಳು ಮಾಸ್ಕ್ ಒಪ್ಪಿಸಿ, ಮನೆಯವರ ಆಟ ಮುಗಿಯುವವರೆಗೆ ಜೀಪಿನಲ್ಲಿ ಒಬ್ಬಳೇ ಕುಳಿತಿದ್ದಳು. ಪಕ್ಕದಲ್ಲೇ ನಿಂತಿದ್ದ ನಾನು ಏನೂ ಹೇಳಲಿಲ್ಲ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ. ನಿಮ್ಮ ಅಕ್ಕನ ಮಗನಿಗೆ ನನ್ನ ಪರವಾಗಿ ಹೇಳಿ: ಅವನು ನಿಯಮದಂತೆ ಕೈ ಎತ್ತಿದ. ಅವತ್ತು ಆ ಮೈದಾನದಲ್ಲಿ ಸರಿಯಾಗಿ ಆಡಿದವನು ಅವನು.

ಪ್ರಶ್ನೆ: ಕಾರವಾರದ ಸೆಕೆಯಲ್ಲಿ ಮಾಸ್ಕಿನ ಒಳಗೆ ಆವಿ ಕಟ್ಟಿ ಏನೂ ಕಾಣುತ್ತಿರಲಿಲ್ಲ. ಮರೆಯಲ್ಲಿ ಕುಳಿತು ಅರೆಕ್ಷಣ ಮಾಸ್ಕ್ ಮೇಲೆತ್ತಿ ಒರೆಸಿಕೊಂಡೆ. ರೆಫರಿ ಕಿರುಚುತ್ತ ಓಡಿಬಂದು ಆಟವನ್ನೇ ನಿಲ್ಲಿಸಿದ. ಎಲ್ಲರೆದುರು ಅವಮಾನವಾಯಿತು. ಮೆಲ್ಲಗೆ ಹೇಳಬಹುದಿತ್ತಲ್ಲವೇ? (ಓದುಗರು, ಕಾರವಾರ)

ಉತ್ತರ: ಇಲ್ಲ, ಮೆಲ್ಲಗೆ ಹೇಳುವಂತಿರಲಿಲ್ಲ. ರೆಫರಿ ಗಂಟಲು ಹರಿಯುವಂತೆ ಕೂಗಬೇಕಾದದ್ದು ಇದೊಂದೇ ಹೊತ್ತಿನಲ್ಲಿ. ಸೆಕೆಂಡಿಗೆ 90 ಮೀಟರ್ ಹಾರುವ ಗುಂಡಿಗೆ ನಿಮ್ಮ ಅರೆಕ್ಷಣವೇ ಸಾಕು. ಬರಿಗಣ್ಣಿಗೆ ಬಿದ್ದರೆ ಮೈಮೇಲೆ ಆಗುವಂತೆ ಬಾಸುಂಡೆಯಲ್ಲ, ದೃಷ್ಟಿಯೇ ಹೋಗಬಹುದು. ಆ ರೆಫರಿ ನಿಮ್ಮ ಕಣ್ಣು ಉಳಿಸಿದ್ದಾನೆ. ಆದರೆ ಆಟ ಮುಗಿದ ಮೇಲೆ ಅವನು ನಿಮ್ಮ ಬಳಿ ಬಂದು, ಏಕೆ ಕೂಗಿದೆ ಎಂದು ಎರಡು ಮಾತು ಹೇಳಬೇಕಿತ್ತು. ಅಷ್ಟು ಅವನ ಕೊರತೆ.

ಆವಿ ಕಟ್ಟುವುದು ನಿಮ್ಮ ತಪ್ಪಲ್ಲ, ಕರಾವಳಿಯ ತೇವದ ಗಾಳಿಯದ್ದು. ಮಾಸ್ಕಿಗೆ ಎರಡು ಪದರದ ಲೆನ್ಸ್ ಇದ್ದರೆ ಆವಿ ಬಹಳ ಕಡಿಮೆಯಾಗುತ್ತದೆ. ಅಂಥದ್ದೇ ಬೇಕೆಂದು ಬಾಡಿಗೆಗೆ ಪಡೆಯುವಾಗಲೇ ಹೇಳಿ. ಆಟದ ನಡುವೆ ಕಣ್ಣು ಕಾಣದಾದರೆ ಒಂದು ಕೈಯಿಂದ ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈ ಎತ್ತಿ ರೆಫರಿಯನ್ನು ಕರೆಯಿರಿ. ಅವನು ನಿಮ್ಮನ್ನು ಹೊರಗೆ ಕರೆದೊಯ್ಯುತ್ತಾನೆ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ, ವಾರದ ಕೊನೆಗೆ ರೆಫರಿ ಕೆಲಸ ಮಾಡುತ್ತೇನೆ. ಬಣ್ಣ ಬಿದ್ದರೂ ಒರೆಸಿಕೊಂಡು ಆಡುವವರಿದ್ದಾರೆ. ಹೊರಗೆ ಹೋಗಿ ಎಂದರೆ ಜಗಳಕ್ಕೆ ಬರುತ್ತಾರೆ. ಮಾಲೀಕರು ‘ಗಿರಾಕಿಯನ್ನು ಎದುರು ಹಾಕಿಕೊಳ್ಳಬೇಡ’ ಎನ್ನುತ್ತಾರೆ. ಏನು ಮಾಡಲಿ? (ಓದುಗರು, ಕುಮಟಾ)

ಉತ್ತರ: ನಿಮ್ಮ ಮಾಲೀಕರಿಗೆ ಒಂದು ಮಾತು ನೆನಪಿಸಿ. ಬಣ್ಣ ಒರೆಸಿಕೊಂಡವನು ಒಬ್ಬ ಗಿರಾಕಿ, ಅವನಿಂದ ಮೋಸ ಹೋದ ಉಳಿದ ಹತ್ತೊಂಬತ್ತು ಮಂದಿಯೂ ದುಡ್ಡು ಕೊಟ್ಟೇ ಒಳಗೆ ಬಂದವರು.

ನಮ್ಮೂರುಗಳ ರಾತ್ರಿ ವಾಲಿಬಾಲ್ ಪಂದ್ಯಗಳಲ್ಲಿ ಅಂಪೈರ್ ಎತ್ತರದ ಪೀಠದ ಮೇಲಿರುತ್ತಾನೆ. ಇಡೀ ಅಂಕಣ ಅವನ ಕಣ್ಣ ಮುಂದಿರುತ್ತದೆ, ಮೂಲೆಯಲ್ಲಿ ಬಾವುಟ ಹಿಡಿದವರೂ ಇರುತ್ತಾರೆ. ಪೇಂಟ್‌ಬಾಲಿನಲ್ಲಿ ಹತ್ತು ಮರೆಗಳಿದ್ದರೆ ಎಂಟರ ಹಿಂದೆ ಏನು ನಡೆಯುತ್ತಿದೆಯೆಂದು ನಿಮಗೆ ಕಾಣುವುದಿಲ್ಲ. ಆದ್ದರಿಂದ ಇಲ್ಲಿನ ತೀರ್ಪು ಬಹುಪಾಲು ಆಟಗಾರನ ಬಾಯಿಂದಲೇ ಬರಬೇಕು. ಅವನು ಮರ್ಯಾದೆಯಿಂದ ‘ಔಟ್’ ಎನ್ನಲು ದಾರಿ ಮಾಡಿಕೊಡುವುದೇ ನಿಮ್ಮ ಕಸುಬು. ಕಳ್ಳ ಎಂದು ಕರೆದ ಮೇಲೆ ಯಾರೂ ಒಪ್ಪಿಕೊಳ್ಳುವುದಿಲ್ಲ.

ಹೀಗೆ ಮಾಡಿ. ಅನುಮಾನ ಬಂದರೆ ಕೈ ಎತ್ತಿ ‘ಚೆಕ್’ ಎಂದು ಅವನ ಪಕ್ಕಕ್ಕೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಿ. ಮೇಲಿಂದ ಬಾಗಿ ನೋಡಿದರೆ ಪೊಲೀಸ್ ತಪಾಸಣೆಯಂತೆ ಕಾಣುತ್ತದೆ. ಬೆನ್ನು, ಗುಂಡಿನ ಡಬ್ಬಿಯ ಹಿಂಬದಿ, ಮೊಣಕೈ, ಬೂಟಿನ ಹಿಮ್ಮಡಿ ನೋಡಿ. ಗುಂಡು ಒಡೆದ ಜಾಗದಲ್ಲಿ ನಾಣ್ಯದಷ್ಟು ದುಂಡನೆಯ ಗುರುತಿರುತ್ತದೆ, ನಡುವೆ ಜೆಲಟಿನ್ನಿನ ತೆಳು ಸಿಪ್ಪೆ ಅಂಟಿರುತ್ತದೆ. ಚಿಕ್ಕ ಚಿಕ್ಕ ಚುಕ್ಕೆಗಳಾದರೆ ಪಕ್ಕದ ಮರಕ್ಕೋ ತಡಿಕೆಗೋ ಬಿದ್ದು ಸಿಡಿದ ಬಣ್ಣ, ಅದಕ್ಕೆ ಔಟ್ ಇಲ್ಲ. ಉದ್ದಕ್ಕೆ ಎಳೆದ ಬಣ್ಣದ ಪಟ್ಟೆಯಿದ್ದು, ಅದೇ ಬಣ್ಣ ಅಂಗೈಯಲ್ಲೂ ಹಸಿಯಾಗಿದ್ದರೆ ಒರೆಸಿದ್ದು. ಮೊದಲ ಸಲವಾದರೆ ಅವನಿಗೆ ಮಾತ್ರ ಕೇಳುವಂತೆ ಹೇಳಿ: ‘ಅಣ್ಣಾ, ಇಲ್ಲಿ ಒಡೆದಿದೆ. ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಈ ಆಟಕ್ಕೆ ಹೊರಗೆ ಬನ್ನಿ, ಇನ್ನೈದು ನಿಮಿಷಕ್ಕೆ ಮುಂದಿನದು ಶುರು.’ ಹತ್ತರಲ್ಲಿ ಒಂಬತ್ತು ಮಂದಿ ಎದ್ದು ಬರುತ್ತಾರೆ. ಹತ್ತನೆಯವನನ್ನು ಎರಡನೆಯ ಸಲ ಹಿಡಿದಾಗ ಮಾಲೀಕರ ಎದುರೇ ಮನೆಗೆ ಕಳಿಸಿ.

ನೀವು ನೋಡದೇ ಇದ್ದದ್ದನ್ನು ನೋಡಿದೆ ಎನ್ನಬೇಡಿ. ‘ನಾನು ನೋಡಲಿಲ್ಲ, ಗುರುತು ಸಿಗಲಿಲ್ಲ, ಆಟ ಮುಂದುವರಿಯಲಿ’ ಎನ್ನುವುದೂ ತೀರ್ಪೇ. ಕೊಟ್ಟ ತೀರ್ಪು ತಪ್ಪೆಂದು ಗೊತ್ತಾದರೆ ಕೂಡಲೇ ‘ತಪ್ಪು ನನ್ನದು’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ನೀವು ತೀರ್ಪು ಕೊಡುವ ಆಟದಲ್ಲಿ, ಗೆಳೆಯರು ಎಷ್ಟೇ ಒತ್ತಾಯಿಸಿದರೂ, ಗನ್ ಹಿಡಿಯಬೇಡಿ.

ಅರ್ಧ ಜಗಳಗಳಿಗೆ ಮನುಷ್ಯರು ಕಾರಣರಲ್ಲ, ಗುಂಡುಗಳು ಕಾರಣ ಎಂಬುದು ಹೊಸ ರೆಫರಿಗಳಿಗೆ ಗೊತ್ತಿರುವುದಿಲ್ಲ. ಜೆಲಟಿನ್ ಗಾಳಿಯ ತೇವ ಹೀರಿ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ. ಅಂಥ ಗುಂಡು ಎದೆಗೆ ಬಿದ್ದರೂ ಒಡೆಯದೆ ರಬ್ಬರ್ ಚೆಂಡಿನಂತೆ ಪುಟಿಯುತ್ತದೆ. ಪೆಟ್ಟು ತಿಂದವನಿಗೆ ನೋವು, ಹೊಡೆದವನಿಗೆ ‘ನಾನು ಹೊಡೆದೆ, ಅವನು ಒರೆಸಿಕೊಂಡ’ ಎಂಬ ಖಾತ್ರಿ. ಇಬ್ಬರೂ ಹೇಳುವುದು ನಿಜವೇ! ಪುಟಿದ ಗುಂಡಿಗೆ ಔಟ್ ಇಲ್ಲ ಎಂಬುದನ್ನು ಆಟಕ್ಕೆ ಮೊದಲೇ ಹೇಳಿ, ಜೊತೆಗೆ ಗುಂಡಿನ ಚೀಲ ಬಿಚ್ಚಿ ನೋಡಿ. ನಾಲ್ಕು ಗುಂಡು ಅಂಗೈಯಲ್ಲಿಟ್ಟು ಉರುಳಿಸಿ. ಒಂದೇ ಗಾತ್ರದಲ್ಲಿ ದುಂಡಗಿಲ್ಲದಿದ್ದರೆ, ಬೆರಳಿನಿಂದ ಒತ್ತಿದಾಗ ತಗ್ಗು ಬಿದ್ದರೆ, ಅವತ್ತು ಅದನ್ನು ಮಾರಬಾರದು ಎಂದು ಮಾಲೀಕರಿಗೆ ಹೇಳುವ ಧೈರ್ಯ ಮಾಡಿ.

ಪ್ರಶ್ನೆ: ಶಿರಸಿ ಕಡೆ ನಮ್ಮ ಹೋಮ್‌ಸ್ಟೇ ಇದೆ. ತೋಟದ ಮೇಲಿನ ಬೆಟ್ಟದಲ್ಲಿ ಸಣ್ಣ ಪೇಂಟ್‌ಬಾಲ್ ಮೈದಾನ ಮಾಡುವ ಯೋಚನೆ. ಬಂದವರಿಂದ ‘ಏನಾದರೂ ನಾವೇ ಹೊಣೆ’ ಎಂದು ಬರೆಸಿಕೊಂಡರೆ ಸಾಕೇ? ಇನ್ನೇನು ನೋಡಿಕೊಳ್ಳಬೇಕು? (ಓದುಗರು, ಶಿರಸಿ ತಾಲ್ಲೂಕು)

ಉತ್ತರ: ಸಾಲದು. ಅಪಾಯವಿದೆ ಎಂದು ತಿಳಿಸಿದ್ದಕ್ಕೆ ಆ ಕಾಗದ ದಾಖಲೆ, ಅಷ್ಟೇ. ಹರಿದ ಮಾಸ್ಕ್ ಕೊಟ್ಟು, ವೇಗ ಅಳೆಯದೆ, ರೆಫರಿ ಇಲ್ಲದೆ ಆಡಿಸಿದರೆ ಅದು ಸೇವೆಯ ಕೊರತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರು ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ನಮ್ಮ ಜಿಲ್ಲೆಯದು ಕಾರವಾರದಲ್ಲಿದೆ. ಬೆಂಗಳೂರಿನಿಂದ ಬಂದ ಅತಿಥಿ ತಾನು ವಾಸವಾಗಿರುವ ಊರಿನ ಆಯೋಗದಲ್ಲೂ ದೂರು ಕೊಡಬಹುದು, ಆಗ ನೀವು ಅಲ್ಲಿಗೆ ಓಡಾಡಬೇಕಾಗಬಹುದು. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ. ಮೊದಲ ಪತ್ರ ಬರೆದವರೂ ಇದನ್ನು ಗಮನಿಸಲಿ.

ಹಣ ಖರ್ಚು ಮಾಡುವ ಕ್ರಮ ಹೀಗಿರಲಿ: ಮೊದಲು ಮಾಸ್ಕ್, ಆಮೇಲೆ ಸುತ್ತಲಿನ ಬಲೆ ಮತ್ತು ವೇಗಮಾಪಕ, ಕೊನೆಗೆ ಗನ್. ಆಟದ ಜಾಗದಿಂದ ಹೊರಗೆ ಬರುವ ಪ್ರತಿ ಗನ್ನಿನ ನಳಿಗೆಗೂ ಬಟ್ಟೆಯ ಚೀಲ ತೊಡಿಸಿರಬೇಕು. ಇಪ್ಪತ್ತು ಜನರ ಆಟಕ್ಕೆ ಇಬ್ಬರು ರೆಫರಿಗಳಿಗಿಂತ ಕಡಿಮೆ ಬೇಡ. ಅವರಿಗೆ ಆಟಗಾರರದ್ದೇ ಗುಣಮಟ್ಟದ ಮಾಸ್ಕ್, ದೂರದಿಂದ ಗುರುತು ಸಿಗುವ ಅಂಗಿ ಕೊಡಿ. ಎದುರಾಳಿ ಹತ್ತು ಹದಿನೈದು ಅಡಿಯ ಒಳಗೆ ಸಿಕ್ಕರೆ ಹೊಡೆಯದೆ ‘ಶರಣಾಗು’ ಎನ್ನಬೇಕೆಂಬ ನಿಯಮವನ್ನು ಮೊದಲ ದಿನದಿಂದಲೇ ತನ್ನಿ. ಬಾಡಿಗೆ, ಹೆಚ್ಚುವರಿ ಗುಂಡಿನ ದರ, ಮಳೆ ಬಂದು ಆಟ ನಿಂತರೆ ಎಷ್ಟು ಹಣ ವಾಪಸ್ ಎಂಬುದು ಫಲಕದ ಮೇಲೆ ಕನ್ನಡದಲ್ಲಿರಲಿ. ಮಳೆಗಾಲದಲ್ಲಿ ಮುಚ್ಚಿಬಿಡಿ. ಜಾರುವ ನೆಲ, ಉಂಬಳ, ಊದಿದ ಗುಂಡು, ಆವಿ ಕಟ್ಟಿದ ಮಾಸ್ಕ್, ಇವೆಲ್ಲ ಒಟ್ಟಾದರೆ ಯಾವ ರೆಫರಿಯೂ ಕಾಯಲಾರ.

ಕೊನೆಯದಾಗಿ, ಹಟ್ಟಿಯ ವಿಷಯ. ಗುಂಡಿನೊಳಗಿನ ಬಣ್ಣ ನೀರಿನಲ್ಲಿ ತೊಳೆದುಹೋಗುತ್ತದೆ, ಬಟ್ಟೆಗೆ ಭಯವಿಲ್ಲ. ಆದರೆ ಅದರಲ್ಲಿರುವ ಪಾಲಿಥಿಲೀನ್ ಗ್ಲೈಕಾಲ್‌ನಂಥ ದ್ರವ ಹೊಟ್ಟೆಯಲ್ಲಿ ನೀರು ಎಳೆದುಕೊಳ್ಳುತ್ತದೆ. ಒಡೆಯದ ಗುಂಡುಗಳನ್ನು ತಿಂದ ನಾಯಿಗಳು ವಾಂತಿ ಭೇದಿಯಾಗಿ, ರಕ್ತದಲ್ಲಿ ಸೋಡಿಯಂ ಏರಿ ತೂರಾಡುತ್ತ ಬೀಳುವುದುಂಟು. ಮನೆಯ ನಾಯಿ ತಿಂದದ್ದು ಗೊತ್ತಾದರೆ ಕಾಯದೆ ಪಶುವೈದ್ಯರ ಬಳಿ ಒಯ್ಯಿರಿ. ದನಗಳನ್ನೂ ಆ ಕಡೆ ಬಿಡಬೇಡಿ. ಪ್ರತಿ ಸಂಜೆ ಕೊನೆಯ ಆಟ ಮುಗಿದ ಮೇಲೆ ಇಬ್ಬರು ರೆಫರಿಗಳೂ ಬುಟ್ಟಿ ಹಿಡಿದು, ಅಡಿಕೆ ಹೆಕ್ಕುವಂತೆ ಸಾಲು ಹಿಡಿದು ಬೆಟ್ಟವನ್ನು ಹೆಕ್ಕಲಿ. ಆ ಅರ್ಧ ಗಂಟೆಗೂ ಅವರಿಗೆ ಸಂಬಳ ಕೊಡಿ.