ಡಿಸೆಂಬರ್‌ನಲ್ಲಿ ಆಕಾಶಗಂಗೆ ಯಾಕೆ ಸಿಗಲಿಲ್ಲ?

ಪ್ರಶ್ನೆ: ಸರ್, ವಿರಾಜಪೇಟೆ ಹತ್ತಿರ ನಮ್ಮದು ಕಾಫಿ ತೋಟ. ಡಿಸೆಂಬರ್ ರಜೆಯಲ್ಲಿ ರಾತ್ರಿ 9ರ ಹೊತ್ತಿಗೆ ಆಕಾಶಗಂಗೆಯ ಫೋಟೊ ತೆಗೆಯಲು ನೋಡಿದೆ. ಬರೀ ನಕ್ಷತ್ರ ಬಂತು. ಅವೂ ಉದ್ದಕ್ಕೆ ಎಳೆದ ಹಾಗಿವೆ. ಕ್ಯಾಮೆರಾ ಜೊತೆ ಬಂದ 18–55 ಲೆನ್ಸ್ ಇದೆ, ಶಟರ್ 30 ಸೆಕೆಂಡ್ ತೆರೆದಿಟ್ಟಿದ್ದೆ. ದುಬಾರಿ ಲೆನ್ಸ್ ಕೊಳ್ಳಬೇಕಾ? ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಬೆಟ್ಟಕ್ಕೆ ಹೋದರೆ ಸಿಗುತ್ತದಾ?

ಉತ್ತರ: ಸದ್ಯಕ್ಕೆ ದುಡ್ಡು ಖರ್ಚು ಮಾಡಬೇಡಿ. ನಿಮ್ಮ ಲೆನ್ಸ್ ಸಾಕು, ತಿಂಗಳು ತಪ್ಪಿದೆ ಅಷ್ಟೆ. ಆಕಾಶಗಂಗೆಯ ಹೊಳೆಯುವ ನಡುಭಾಗ ಧನು, ವೃಶ್ಚಿಕ ರಾಶಿಗಳ ಕಡೆ ಇದೆ. ಡಿಸೆಂಬರ್‌ನಲ್ಲಿ ಸೂರ್ಯ ಆ ದಿಕ್ಕಿನಲ್ಲೇ ಇರುತ್ತಾನೆ. ಹಾಗಾಗಿ ಆ ಭಾಗ ಸೂರ್ಯನ ಜೊತೆ ಹುಟ್ಟಿ ಸೂರ್ಯನ ಜೊತೆಯೇ ಮುಳುಗುತ್ತದೆ. ಆಗ ಯಾವ ಕ್ಯಾಮೆರಾ ತಂದರೂ ಅದು ಸಿಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಳೆ, ಮೋಡ. ಹಾಗಾಗಿ ನಮಗೆ ಉಳಿಯುವುದು ಮಾರ್ಚ್‌ನಿಂದ ಮೇವರೆಗಿನ ಅಮಾವಾಸ್ಯೆ ಆಸುಪಾಸಿನ ರಾತ್ರಿಗಳು. ಮಾರ್ಚ್‌ನಲ್ಲಾದರೆ ಬೆಳಗಿನ ಜಾವ 3ರಿಂದ 5. ಏಪ್ರಿಲ್‌ನಲ್ಲಿ 1 ಗಂಟೆ ಮೇಲೆ. ಮೇ ತಿಂಗಳಲ್ಲಿ ಮಧ್ಯರಾತ್ರಿಗೇ ಚೆನ್ನಾಗಿ ಮೇಲೆ ಬಂದಿರುತ್ತದೆ. ಆಗ್ನೇಯಕ್ಕೆ ಮುಖ ಮಾಡಿ ನಿಲ್ಲಿ. ಕೆಂಪಗೆ ಮಿನುಗುವ ಜ್ಯೇಷ್ಠಾ ನಕ್ಷತ್ರ ಕಂಡರೆ ಅದರ ಎಡಕ್ಕೆ, ಸ್ವಲ್ಪ ಕೆಳಗೆ ಕ್ಯಾಮೆರಾ ತಿರುಗಿಸಿ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದು ಮೋಡ ಚದುರಿದ ರಾತ್ರಿಯನ್ನಂತೂ ಬಿಡಲೇಬೇಡಿ. ಬೇಸಿಗೆಯ ಧೂಳು, ಹೊಗೆ ಎಲ್ಲ ಇಳಿದು ಆಕಾಶ ತೊಳೆದಿಟ್ಟ ಹಾಗಿರುತ್ತದೆ.

ಮಾಂದಲಪಟ್ಟಿಗೆ ರಾತ್ರಿ ಬಿಡುವುದಿಲ್ಲ, ಹೋಗುವ ಅಗತ್ಯವೂ ಇಲ್ಲ. ನಿಮ್ಮ ತೋಟದಲ್ಲಿ ಕಾಫಿ ಒಣಗಿಸುವ ಕಣ ಇದೆಯಲ್ಲ, ಅದಕ್ಕಿಂತ ಒಳ್ಳೆ ಜಾಗ ಬೇಕಾ? ನೆಲ ಸಮತಟ್ಟು, ತಲೆ ಮೇಲೆ ಮರ ಇಲ್ಲ, ಅಂಚಿನಲ್ಲಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್. ಆ ಮರದ ಕಪ್ಪು ಆಕಾರ ಫ್ರೇಮಿನ ಒಂದು ಪಕ್ಕಕ್ಕೆ ಬಂದರೆ ಫೋಟೊ ನಮ್ಮೂರಿನದು ಅಂತ ನೋಡಿದವರಿಗೆ ತಿಳಿಯುತ್ತದೆ. ಏಪ್ರಿಲ್ ಹೊತ್ತಿಗೆ ಕಣವೂ ಬಹುಪಾಲು ಖಾಲಿ. ಮನೆಯ ಹೊರಗಿನ ಲೈಟ್ ಆರಿಸಿ, 20 ನಿಮಿಷ ಮೊಬೈಲ್ ನೋಡದೆ ಕೂತರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ. ದಯವಿಟ್ಟು ಕಣ ಬಿಟ್ಟು ತೋಟದೊಳಗೆ ಇಳಿಯಬೇಡಿ. ನಿಮ್ಮ ಕಡೆ ಆನೆಗಳು ರಾತ್ರಿ ತೋಟದಲ್ಲೇ ಓಡಾಡುತ್ತವೆ. ಕತ್ತಲಲ್ಲಿ ಹತ್ತಡಿ ದೂರದಲ್ಲಿದ್ದರೂ ಗೊತ್ತಾಗುವುದಿಲ್ಲ. ಯಾವ ಫೋಟೊಗೂ ಅಷ್ಟು ಬೆಲೆ ಇಲ್ಲ.

ಇನ್ನು ಸೆಟ್ಟಿಂಗ್. ಭೂಮಿ ತಿರುಗುತ್ತಲೇ ಇರುವುದರಿಂದ 30 ಸೆಕೆಂಡಿನಲ್ಲಿ ನಕ್ಷತ್ರ ಎಳೆದುಕೊಳ್ಳುತ್ತದೆ. ನಿಮ್ಮಂಥ ಸಣ್ಣ ಸೆನ್ಸರ್ ಕ್ಯಾಮೆರಾದಲ್ಲಿ 18 ಎಂಎಂಗೆ 15 ಸೆಕೆಂಡ್ ದಾಟಬೇಡಿ. ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) 3.5, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್) 3200, ಫೈಲ್ ರಾ (ಕ್ಯಾಮೆರಾ ತಿದ್ದದ ಮೂಲ ಫೈಲ್). ಫೋಕಸ್ ಮ್ಯಾನುಯಲ್‌ಗೆ ಹಾಕಿ. ಸ್ಕ್ರೀನಿನಲ್ಲಿ ಒಂದು ದೊಡ್ಡ ನಕ್ಷತ್ರವನ್ನು ಹಿಗ್ಗಿಸಿ, ಅದು ಚಿಕ್ಕ ಚುಕ್ಕೆಯಾಗುವವರೆಗೆ ರಿಂಗ್ ತಿರುಗಿಸಿ. ಹೆಚ್ಚಿನವರ ಫೋಟೊ ಕೆಡುವುದು ಇಲ್ಲೇ, ನಿಧಾನವಾಗಿ ಮಾಡಿ. ಟ್ರೈಪಾಡ್ ಮೇಲಿಟ್ಟು 2 ಸೆಕೆಂಡ್ ಟೈಮರ್ ಹಾಕಿದರೆ ಬೆರಳು ತಾಗಿ ಅಲುಗುವುದೂ ತಪ್ಪುತ್ತದೆ. ನಡುನಡುವೆ ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿ. ಇಬ್ಬನಿ ಕೂತಿದ್ದರೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ.

ಕಡಲ ಮೇಲೆ ಆಕಾಶಗಂಗೆ ಬೇಕು ಅನ್ನಿಸಿದರೆ ಅಕ್ಟೋಬರ್‌ನಲ್ಲಿ ಮಂಗಳೂರು ಕಡೆ ಇಳಿಯಿರಿ. ಕತ್ತಲಾದ ಕೂಡಲೇ ನೈರುತ್ಯದಲ್ಲಿ, ನೀರಿನ ಮೇಲೆಯೇ ಇರುತ್ತದೆ. ಊರಿನ ಲೈಟಿನಿಂದ ದೂರದ ಬೀಚ್ ಆಗಬೇಕು.

ಪ್ರಶ್ನೆ: ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ದಿನ ಗದ್ದೆಯಲ್ಲಿ ಕದಿರು (ಭತ್ತದ ತೆನೆ) ತೆಗೆಯುವುದನ್ನು ಮೊಬೈಲಿನಲ್ಲಿ ಎಷ್ಟು ತೆಗೆದರೂ ಫ್ಲ್ಯಾಶ್ ಹೊಡೆದು ಮುಖ ಬೆಳ್ಳಗೆ, ಹಿಂದೆ ಕಪ್ಪು. ಏನು ಮಾಡಲಿ? — ನಾಪೋಕ್ಲಿನಿಂದ ಓದುಗರು

ಉತ್ತರ: ಫ್ಲ್ಯಾಶ್ ಆಫ್ ಮಾಡಿ. ಪುತ್ತರಿ ಹುಣ್ಣಿಮೆ ಹೊತ್ತಿನ ಹಬ್ಬ ಅಲ್ವಾ, ಬೆಳದಿಂಗಳೇ ನಿಮ್ಮ ಲೈಟ್. ಎಲ್ಲರೂ ಬರುವ ಮೊದಲೇ ಗದ್ದೆಗೆ ಹೋಗಿ, ಮೊಬೈಲನ್ನು ಟ್ರೈಪಾಡಿಗೆ ಸಿಕ್ಕಿಸಿ, ಪ್ರೊ ಮೋಡಿನಲ್ಲಿ (ಸೆಟ್ಟಿಂಗ್ ನಾವೇ ಹೊಂದಿಸುವ ಮೋಡ್) ಐಎಸ್‌ಒ 800, 8 ಸೆಕೆಂಡ್ ಇಟ್ಟು ಗದ್ದೆ, ಹಿಂದಿನ ಬೆಟ್ಟ ತೆಗೆದುಕೊಳ್ಳಿ. ಮಾಗಿದ ಭತ್ತದ ಬಣ್ಣ ಕೂಡ ಬರುತ್ತದೆ.

ಜನ ಬಂದ ಮೇಲೆ ಇದು ನಡೆಯುವುದಿಲ್ಲ, ಅವರು ಅಲುಗುತ್ತಾರೆ. ಆಗ ದೀಪ ಹಿಡಿದವರ ಪಕ್ಕಕ್ಕೆ ಹೋಗಿ. ದೀಪದ ಬೆಳಕು ಕದಿರು ಕೊಯ್ಯುವ ಕೈಯ ಮೇಲೆ, ಕುಪ್ಯದ (ಕೊಡವ ಗಂಡಸರ ಸಾಂಪ್ರದಾಯಿಕ ನಿಲುವಂಗಿ) ತೋಳಿನ ಮೇಲೆ ಬೀಳುವ ಕಡೆ ನಿಂತು, ಪರದೆ ಮೇಲೆ ಆ ಬೆಳಗಿದ ಕೈಯನ್ನು ಒತ್ತಿ, ಬೆಳಕನ್ನು ಸ್ವಲ್ಪ ಕೆಳಗಿಳಿಸಿ. ಹಿಂದಿನದು ಕತ್ತಲಾಗಲಿ, ಪರವಾಗಿಲ್ಲ. ‘ಪೊಲಿ ಪೊಲಿ ದೇವಾ’ ಅಂತ ಕೂಗುವ ಹೊತ್ತಿಗೆ ಕದಿರು ಮೇಲೆತ್ತುತ್ತಾರೆ. ಆಗ ಒಂದರ ಹಿಂದೊಂದು ಹತ್ತಾರು ಫೋಟೊ ಹೊಡೆಯಿರಿ, ಒಂದಾದರೂ ಸ್ಪಷ್ಟವಾಗಿ ಸಿಗುತ್ತದೆ. ಮನೆಯ ಹಿರಿಯರಿಗೆ ಮೊದಲೇ ಒಂದು ಮಾತು ಹೇಳಿಡಿ, ಕದಿರು ಕೊಯ್ಯುವವರಿಗೆ ಅಡ್ಡ ನಿಲ್ಲಬೇಡಿ.