ಕಿವಿ ನೋವು ಅಂದುಕೊಂಡಿದ್ದು ದವಡೆ ಕೀಲಿನದ್ದಾಗಿದ್ದರೆ?

ಹೋದ ಸಂಚಿಕೆಯಲ್ಲಿ ನಿದ್ದೆಯಲ್ಲಿ ಹಲ್ಲು ಕಡಿಯುವುದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದಿದ್ದು ದವಡೆ ಕೀಲಿನ ನೋವಿನ ವಿಷಯವೇ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಹೆಸರು ಹಾಕಬೇಡಿ ಎಂದು ತುಂಬಾ ಜನ ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಪ್ರೈಮರಿ ಶಾಲೆ ಟೀಚರ್, ವಯಸ್ಸು 36. ಕೆಲವು ತಿಂಗಳಿಂದ ಬಲಗಿವಿಯ ಮುಂದೆ ನೋವು. ಬೆಳಿಗ್ಗೆ ಏಳುವಾಗ ಕೆನ್ನೆಯೆಲ್ಲ ಬಿಗಿದುಕೊಂಡಿರುತ್ತದೆ. ಕಿವಿ ಡಾಕ್ಟರ್ ನೋಡಿ ಕಿವಿಗೆ ಏನೂ ಆಗಿಲ್ಲ ಅಂದರು. ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿದರು, ದುಡ್ಡು ಹೋಯ್ತು, ನೋವು ಹೋಗಲಿಲ್ಲ. ಅಕ್ಕಿರೊಟ್ಟಿ ಅಗಿಯುವಾಗ ಕಿವಿ ಹತ್ತಿರ ‘ಟಕ್’ ಅನ್ನುತ್ತದೆ. ಈಗ ಇನ್ನೊಬ್ಬರು ನೈಟ್ ಗಾರ್ಡ್ (ರಾತ್ರಿ ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ) ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲೇಬೇಕಾ ಮೇಡಂ?

ಉತ್ತರ: ಮೊದಲು ಒಂದು ಕೆಲಸ ಮಾಡಿ ಟೀಚರ್. ಎರಡೂ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆಗೆದು ಮುಚ್ಚಿ. ಬೆರಳಿನ ಕೆಳಗೆ ಒಂದು ಗುಂಡಗಿನ ಮೂಳೆ ಮುಂದೆ ಹೋಗಿ ಹಿಂದೆ ಬರುತ್ತದೆ, ಅದೇ ದವಡೆ ಕೀಲು. ಡಾಕ್ಟರುಗಳ ಚೀಟಿಯಲ್ಲಿ ಟಿಎಂಜೆ ಎಂದು ಬರೆದಿರುತ್ತದೆ. ಅಲ್ಲಿ ಒತ್ತಿದಾಗ, ಅಥವಾ ಹಲ್ಲು ಕಚ್ಚಿಕೊಂಡಾಗ ಕೆನ್ನೆಯಲ್ಲಿ ಉಬ್ಬುವ ಸ್ನಾಯುವನ್ನು ಒತ್ತಿದಾಗ, ‘ಇದೇ ನನ್ನ ನೋವು’ ಅನ್ನಿಸಿದರೆ ಕಿವಿಯನ್ನೂ ಹಲ್ಲನ್ನೂ ಸುಮ್ನೆ ಬೈದುಕೊಳ್ಳಬೇಡಿ. ಕೀಲು ಕಿವಿಗೆ ಅಂಟಿಕೊಂಡಂತೆಯೇ ಇದೆ, ಕೀಲಿಗೂ ಕಿವಿಯ ಮುಂಭಾಗಕ್ಕೂ ಹೋಗುವುದು ಒಂದೇ ನರದ ಕವಲು. ಆದ್ದರಿಂದ ನೋವು ಎಲ್ಲಿಂದ ಬರುತ್ತಿದೆ ಎಂದು ತಲೆಗೇ ಗೊತ್ತಾಗುವುದಿಲ್ಲ. ಕೆನ್ನೆಯ ಸ್ನಾಯುವಿನ ನೋವು ದವಡೆ ಹಲ್ಲಿನಲ್ಲಿ ಕಾಣಿಸಿಕೊಳ್ಳುವುದೂ ಇದೆ. ಚೆನ್ನಾಗಿರುವ ಹಲ್ಲಿಗೆ ರೂಟ್ ಕೆನಾಲ್ ಆಗಿಬಿಡುವುದು ಹೀಗೇ. ಮುಂದೆ ಯಾರಾದರೂ ಹಲ್ಲು ಕೊರೆಯೋಣ ಅಂದರೆ, ಎಕ್ಸ್‌ರೇಯಲ್ಲಿ ಏನು ಕಾಣುತ್ತಿದೆ, ತಣ್ಣೀರು ತಾಗಿಸಿದಾಗ ಆ ಹಲ್ಲು ಏನು ಹೇಳುತ್ತದೆ ಎಂದು ಕೇಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಬೆಳಿಗ್ಗೆ ನೋವು ಜಾಸ್ತಿ ಅಂದಿರಿ. ಅದರರ್ಥ ಬಹುಶಃ ನೀವು ರಾತ್ರಿ ಹಲ್ಲು ಕಚ್ಚುತ್ತೀರಿ. ಕಟಕಟ ಸದ್ದು ಬರಲೇಬೇಕು ಅಂತಿಲ್ಲ, ಸದ್ದಿಲ್ಲದೆ ಬಿಗಿಯಾಗಿ ಕಚ್ಚಿಕೊಂಡು ಮಲಗುವವರು ಎಷ್ಟೋ ಜನ. ತುಂಬಿದ ಕೊಡವನ್ನು ಕೈಯಲ್ಲಿ ಹಿಡಿದು ಬೆಳತನಕ ನಿಂತರೆ ತೋಳು ಏನಾಗುತ್ತದೋ ಕೆನ್ನೆಯ ಸ್ನಾಯುವಿಗೂ ಅದೇ ಗತಿ. ಹೊಟ್ಟೆಹುಳ ಇದ್ದರೆ ಹಲ್ಲು ಕಡಿಯುತ್ತಾರೆ ಎಂದು ಅಜ್ಜಿಯರು ಹೇಳುತ್ತಾರಲ್ಲ, ದೊಡ್ಡವರ ವಿಷಯದಲ್ಲಿ ಅದನ್ನು ಬಿಟ್ಟುಬಿಡಿ. ಮನಸ್ಸಿನ ಒತ್ತಡ, ಸರಿಯಿಲ್ಲದ ನಿದ್ದೆ, ಬೀಡಿ ಸಿಗರೇಟು, ಮದ್ಯ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಇವಕ್ಕೆಲ್ಲ ಹಲ್ಲು ಕಡಿಯುವುದರ ಜೊತೆ ನಂಟಿದೆ. ಕಾಫಿಯೂ ಈ ಪಟ್ಟಿಯಲ್ಲಿದೆ. ಚಿಕ್ಕಮಗಳೂರಿನವರಿಗೆ ಕಾಫಿ ಬಿಡಿ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ, ಸಂಜೆ ಮೇಲಿನ ಲೋಟ ಒಂದನ್ನು ಬಿಟ್ಟು ನೋಡಿ.

ಹಗಲು ಹೊತ್ತನ್ನೂ ಗಮನಿಸಿ. ಬಾಯಿ ಮುಚ್ಚಿ ಸುಮ್ಮನಿರುವಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಲೇಬಾರದು. ತುಟಿ ಸೇರಿರಬೇಕು, ಹಲ್ಲು ಬಿಟ್ಟಿರಬೇಕು, ನಾಲಿಗೆಯ ತುದಿ ಮೇಲಿನ ಮುಂಹಲ್ಲಿನ ಹಿಂದೆ ಆರಾಮಾಗಿ ಕೂತಿರಬೇಕು. ಹಲ್ಲು ಹಲ್ಲು ಸೇರಬೇಕಾದ್ದು ಅಗಿಯುವಾಗ, ನುಂಗುವಾಗ ಮಾತ್ರ. ಇದನ್ನು ಓದುತ್ತಿರುವಾಗಲೇ ನಿಮ್ಮ ಹಲ್ಲು ಕಚ್ಚಿಕೊಂಡಿತ್ತು, ಅಲ್ವಾ? ಪೇಪರ್ ತಿದ್ದುವಾಗ, ಫೋನ್ ನೋಡುವಾಗ, ಚಳಿಯಲ್ಲಿ ಸ್ಕೂಟರ್ ಓಡಿಸುವಾಗ ಗೊತ್ತಿಲ್ಲದೆ ಕಚ್ಚಿಕೊಳ್ಳುತ್ತೇವೆ. ಕ್ಲಾಸಿನ ಗಂಟೆ ಹೊಡೆದಾಗೆಲ್ಲ ಒಮ್ಮೆ ‘ಹಲ್ಲು ಬಿಡು’ ಎಂದುಕೊಳ್ಳಿ, ಭುಜ ಇಳಿಸಿ. ನನ್ನ ಪ್ರಕಾರ ಬೇರೆ ಯಾವ ಔಷಧಿಗಿಂತಲೂ ಇದು ದೊಡ್ಡದು, ಖರ್ಚೂ ಇಲ್ಲ.

ನೋವಿರುವ ಕಡೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ, ಹದಿನೈದು ಇಪ್ಪತ್ತು ನಿಮಿಷ, ದಿನಕ್ಕೆ ಎರಡು ಸಲ. ಉಪ್ಪಿನ ಗಂಟೂ ಆಗುತ್ತದೆ, ಚರ್ಮ ಸುಟ್ಟುಕೊಳ್ಳಬೇಡಿ ಅಷ್ಟೇ. ಆಮೇಲೆ ಕೆನ್ನೆಯ ಸ್ನಾಯುವನ್ನು ಬೆರಳಿನಿಂದ ಮೆಲ್ಲಗೆ ತಿಕ್ಕಿ. ಕೆಲವು ವಾರ ಮೆತ್ತನೆ ಊಟ. ಆಕಳಿಸುವಾಗ ಗದ್ದದ ಕೆಳಗೆ ಕೈ ಕೊಡಿ. ಗಲ್ಲಕ್ಕೆ ಕೈಯೂರಿ ಕೂರುವುದು, ಬೋರಲು ಮಲಗುವುದು ಬೇಡ. ನೋವು ಜಾಸ್ತಿಯಿದ್ದರೆ ಐಬುಪ್ರೊಫೇನ್‌ನಂಥ ಮಾತ್ರೆ ಕೆಲವು ದಿನ ತೆಗೆದುಕೊಳ್ಳಬಹುದು. ಆದರೆ ಗ್ಯಾಸ್ಟ್ರಿಕ್, ಕಿಡ್ನಿ, ಬಿಪಿ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ.

ಈಗ ನೈಟ್ ಗಾರ್ಡ್. ಅದು ಹಲ್ಲು ಸವೆಯುವುದನ್ನು ತಡೆಯುತ್ತದೆ, ಕೆಲವರಿಗೆ ನೋವೂ ಇಳಿಯುತ್ತದೆ. ಹಲ್ಲು ಕಡಿಯುವ ಅಭ್ಯಾಸವನ್ನು ಮಾತ್ರ ನಿಲ್ಲಿಸುವುದಿಲ್ಲ. ಮೇಲೆ ಹೇಳಿದ್ದನ್ನೆಲ್ಲ ಒಂದೂವರೆ ತಿಂಗಳು ಮಾಡಿ, ಆಗಲೂ ಬೆಳಗಿನ ನೋವು ಹಾಗೇ ಇದ್ದರೆ ಅಥವಾ ಹಲ್ಲು ಸವೆದಿದ್ದರೆ ಹಾಕಿಸಿ. ಹಾಕಿಸುವುದಾದರೆ ಅಳತೆ ತೆಗೆದು ಮಾಡುವ, ಎಲ್ಲ ಹಲ್ಲನ್ನೂ ಮುಚ್ಚುವ ಗಟ್ಟಿ ಅಕ್ರಿಲಿಕ್‌ನದ್ದು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿಕೊಳ್ಳುವ ಆನ್‌ಲೈನ್ ಗಾರ್ಡ್ ಕೆಲವರಲ್ಲಿ ಕಚ್ಚುವುದನ್ನೇ ಜಾಸ್ತಿ ಮಾಡುತ್ತದೆ, ಅದು ಬೇಡ. ಹಾಸನಕ್ಕೆ ಬಂದು ಹೋಗುವುದು ಕಷ್ಟವಾಗದಿದ್ದರೆ ಅಲ್ಲಿ ಹಾಸನಾಂಬ ಡೆಂಟಲ್ ಕಾಲೇಜು ಇದೆ. ಡೆಂಟಲ್ ಕಾಲೇಜುಗಳಲ್ಲಿ ಬಾಯಿ, ದವಡೆಯ ತೊಂದರೆಗಳನ್ನು ಪರೀಕ್ಷಿಸುವ ಓರಲ್ ಮೆಡಿಸಿನ್ ಎಂಬ ವಿಭಾಗ ಇರುತ್ತದೆ, ಮೊದಲು ಅಲ್ಲಿಗೆ ಹೋಗಿ. ಹಲ್ಲು ಕೀಳುವ ವಿಭಾಗಕ್ಕಲ್ಲ.

ಪ್ರಶ್ನೆ: ತರೀಕೆರೆ ಕಡೆಯವನು, 41 ವರ್ಷ. ಬಾಯಿ ಪೂರ್ತಿ ತೆಗೆಯಲು ಆಗುತ್ತಿಲ್ಲ. ಎರಡು ಬೆರಳು ಅಷ್ಟೇ ಹೋಗುತ್ತದೆ. ಖಾರ ತಿಂದರೆ ಬಾಯಿ ಉರಿ. ನೋವು ಅಂತ ಏನಿಲ್ಲ. ದವಡೆ ಕೀಲಿಗೆ ಎಕ್ಸರ್‌ಸೈಜ್ ಇದ್ದರೆ ತಿಳಿಸಿ. ಎಲೆ ಅಡಿಕೆ ಹಾಕುವ ಅಭ್ಯಾಸ ಇದೆ.

ಉತ್ತರ: ಎಲೆ ಅಡಿಕೆಯ ಮಾತನ್ನು ಕೊನೆಗೆ ಬರೆದಿರಿ ಸ್ವಾಮಿ, ಅದು ಮೊದಲು ಬರಬೇಕಿತ್ತು. ದೊಡ್ಡವರಿಗೆ ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಬರುವಂತೆ ಇಟ್ಟರೆ ಮುಂಹಲ್ಲುಗಳ ನಡುವೆ ಹಿಡಿಯಬೇಕು, ಅಂದಾಜು 40 ಮಿಲಿಮೀಟರ್ ಅಥವಾ ಜಾಸ್ತಿ. ಎರಡೇ ಬೆರಳು ಹೋಗುತ್ತಿದ್ದು, ಜೊತೆಗೆ ಖಾರಕ್ಕೆ ಉರಿ ಇದ್ದರೆ ನನಗೆ ಕೀಲಿನ ಮೇಲೆ ಅನುಮಾನವಿಲ್ಲ, ಕೆನ್ನೆಯ ಒಳಚರ್ಮದ ಮೇಲೆ. ಅಡಿಕೆಯಲ್ಲಿರುವ ಅಂಶಗಳು ಆ ಚರ್ಮವನ್ನು ನಿಧಾನಕ್ಕೆ ನಾರಿನಂತೆ ಗಟ್ಟಿ ಮಾಡುತ್ತವೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. ಕನ್ನಡಿ ಮುಂದೆ ನಿಂತು ನೋಡಿ. ಕೆನ್ನೆಯ ಒಳಗೆ ಬಿಳಿಚಿದೆಯಾ? ನಾಲಿಗೆ ಮೊದಲಿನಷ್ಟು ಹೊರಗೆ ಬರುತ್ತಾ? ಸಿಳ್ಳೆ ಹಾಕಲು, ಗಾಳಿ ತುಂಬಿ ಕೆನ್ನೆ ಉಬ್ಬಿಸಲು ಆಗುತ್ತಾ?

ಇದು ಮುಂದೆ ಬಾಯಿ ಕ್ಯಾನ್ಸರ್ ಆಗಬಹುದಾದ ಸ್ಥಿತಿ. ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು, ತಂಬಾಕು ಸೇರಿಸದಿದ್ದರೂ ಸರಿ. ಅಡಿಕೆ ತೋಟದಿಂದಲೇ ಮಕ್ಕಳನ್ನು ಓದಿಸಿದ ಊರುಗಳಲ್ಲಿ ಈ ಮಾತು ಆಡುವುದು ಕಷ್ಟ, ಆಡಿದವರ ಮೇಲೆ ಸಿಟ್ಟೂ ಬರುತ್ತದೆ, ನನಗೆ ಗೊತ್ತು. ಆದರೂ ಇವತ್ತೇ ನಿಲ್ಲಿಸಿ. ಕಡಿಮೆ ಮಾಡುತ್ತೇನೆ ಅಂದರೆ ಸಾಲದು. ಗಟ್ಟಿಯಾದ ಚರ್ಮ ಪೂರ್ತಿ ಮೊದಲಿನಂತೆ ಆಗುವುದು ಅಪರೂಪ, ನಿಲ್ಲಿಸಿದರೆ ಮುಂದಕ್ಕೆ ಹೋಗುವುದು ತಗ್ಗುತ್ತದೆ. ಎಕ್ಸರ್‌ಸೈಜ್ ಇದಕ್ಕೂ ಇದೆ, ಆದರೆ ಡಾಕ್ಟರು ಬಾಯಿ ನೋಡಿದ ಮೇಲೆ. ಬಿಳಿ ಅಥವಾ ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಒಂದು ದಿನವೂ ತಡ ಮಾಡಬೇಡಿ.

ಪ್ರಶ್ನೆ: ನಮ್ಮ ತಂದೆಗೆ 63. ಸಕಲೇಶಪುರದ ಹತ್ತಿರ ತೋಟ. ದಿಣ್ಣೆ ಹತ್ತುವಾಗ ಎಡ ದವಡೆ ಹಿಡಿದುಕೊಂಡಂತಾಗುತ್ತದಂತೆ, ಕೂತರೆ ಐದು ನಿಮಿಷಕ್ಕೆ ಹೋಗುತ್ತದೆ. ಹಲ್ಲು ಕೀಳಿಸಬೇಕಾ?

ಉತ್ತರ: ಹಲ್ಲು ಆಮೇಲೆ. ಮೊದಲು ಇಸಿಜಿ ಮಾಡಿಸಿ, ನಾಳೆಗೆ ಇಡಬೇಡಿ. ಹತ್ತುವಾಗ ಬಂದು ಕೂತಾಗ ಹೋಗುವ ದವಡೆ ನೋವು ಹೃದಯದ್ದಿರಬಹುದು, ಎದೆ ನೋವು ಇಲ್ಲದೆಯೂ ಬರಬಹುದು. ಕೀಲಿನ ನೋವಾಗಿದ್ದರೆ ಅಗಿಯುವಾಗ ಬರಬೇಕು, ದಿಣ್ಣೆ ಹತ್ತುವಾಗ ಅಲ್ಲ. ಇಸಿಜಿ ಸರಿ ಬಂದರೂ ಹೃದಯದ ಡಾಕ್ಟರಿಗೆ ಈ ಮಾತನ್ನು ಹೇಳಿ. ನೋವಿನ ಜೊತೆ ಬೆವರು, ಉಸಿರುಕಟ್ಟು ಬಂದರೆ 108ಕ್ಕೆ ಕರೆ ಮಾಡಿ.

ಇದೇ ವಯಸ್ಸಿನವರಿಗೆ ಇನ್ನೊಂದು ಮಾತು. ಅಗಿಯುತ್ತಾ ಅಗಿಯುತ್ತಾ ದವಡೆ ಸೋತು ನೋಯುವುದು, ಹೊಸದಾಗಿ ಕಣತಲೆ ನೋವು, ಕಣ್ಣು ಮಂಜಾಗುವುದು ಒಟ್ಟಿಗೆ ಬಂದರೆ ಅದು ರಕ್ತನಾಳದ ಉರಿಯೂತ ಇರಬಹುದು. ನಮ್ಮಲ್ಲಿ ಅಪರೂಪ, ಆದರೆ ತಡವಾದರೆ ಕಣ್ಣು ಹೋಗುತ್ತದೆ.

ಪ್ರಶ್ನೆ: ಹಾಸನದಿಂದ ಬರೆಯುತ್ತಿದ್ದೇನೆ. ದವಡೆ ನೋವಿಗೆ ಒಬ್ಬರು ಹಲ್ಲುಗಳನ್ನೆಲ್ಲ ಸ್ವಲ್ಪ ಸ್ವಲ್ಪ ಉಜ್ಜಿ ಕಚ್ಚು (ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಕೂಡುವ ರೀತಿ) ಸರಿಮಾಡಬೇಕು ಅಂದರು. ಇನ್ನೊಬ್ಬರು ಕ್ಲಿಪ್ ಹಾಕಿಸಿ ಅಂದರು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿ ಎಂದು ನಮ್ಮ ಭಾವ ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಮೂವರ ಮಾತೂ ಬೇಡ. ಉಜ್ಜಿದ ಹಲ್ಲು ವಾಪಸ್ ಬರುವುದಿಲ್ಲ. ಹಲ್ಲು ಸೊಟ್ಟಗಿದ್ದರೆ, ನಗು ಚೆಂದ ಆಗಬೇಕಿದ್ದರೆ ಕ್ಲಿಪ್ ಹಾಕಿಸಿ, ದವಡೆ ನೋವಿಗಾಗಿ ಮಾತ್ರ ಬೇಡ.

ಕಚ್ಚು ಸರಿಯಿಲ್ಲದ್ದೇ ನೋವಿಗೆ ಕಾರಣ ಅನ್ನುವ ಈ ಯೋಚನೆ ಹಳೆಯದು. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಿವಿ–ಮೂಗು–ಗಂಟಲು ವೈದ್ಯ ಜೇಮ್ಸ್ ಕಾಸ್ಟನ್ ಎಂಬವರು ಕಿವಿ ನೋವಿಗೂ ದವಡೆ ಕೀಲಿಗೂ ಸಂಬಂಧ ಕಟ್ಟಿ ಬರೆದರು. ಹಿಂದಿನ ಹಲ್ಲುಗಳು ಹೋಗಿ ದವಡೆ ಕುಸಿದು ಕೀಲು ಒತ್ತುತ್ತದೆ ಅನ್ನುವುದು ಅವರ ವಾದ. ಕಿವಿಯವರು ಕೀಲಿನ ಕಡೆ ನೋಡುವಂತಾಗಿದ್ದು ಒಳ್ಳೆಯದೇ ಆಯ್ತು, ಆದರೆ ದಶಕಗಳ ಕಾಲ ಹಲ್ಲಿನವರು ಕಚ್ಚಿನ ಹಿಂದೆ ಬಿದ್ದರು. ಈಗ ಆ ವಾದಕ್ಕೆ ಅಷ್ಟು ಬಲವಿಲ್ಲ. ಎಷ್ಟೋ ಜನರ ಹಲ್ಲು ಸೊಟ್ಟಗಿದ್ದರೂ ಕೀಲು ಚೆನ್ನಾಗಿರುತ್ತದೆ.

ಆಪರೇಷನ್ ವಿಷಯದಲ್ಲಿ ಅವಸರ ಮಾಡಿದರೆ ಏನಾಗುತ್ತದೆ ಎಂದು ಅಮೆರಿಕದಲ್ಲೇ ನೋಡಿದ್ದಾಯ್ತು. 1980ರ ದಶಕದಲ್ಲಿ ಕೀಲಿನೊಳಗಿನ ಮೆತ್ತೆ ತೆಗೆದು ಟೆಫ್ಲಾನ್ ಲೇಪದ ತುಂಡು ಕೂರಿಸುತ್ತಿದ್ದರು. ಅದು ಅಗಿದೂ ಅಗಿದೂ ಪುಡಿಯಾಯಿತು, ಸುತ್ತಲಿನ ಮೂಳೆಯೂ ಕರಗಿತು. 1990ರ ದಶಕದ ಆರಂಭದ ಹೊತ್ತಿಗೆ ಅವನ್ನು ಮಾರುಕಟ್ಟೆಯಿಂದ ವಾಪಸ್ ತರಿಸಬೇಕಾಯಿತು. ಈಗಿನ ಕೃತಕ ಕೀಲುಗಳು ಬೇರೆಯವು, ಆದರೆ ಅವು ಕೀಲು ಪೂರ್ತಿ ಹಾಳಾದವರಿಗೆ, ಅಂಟಿಹೋದವರಿಗೆ. ಅದಕ್ಕೂ ಮೊದಲು ಮೆಟ್ಟಿಲುಗಳಿವೆ. ಮನೆಯ ಆರೈಕೆ, ಫಿಸಿಯೋಥೆರಪಿ, ಗಾರ್ಡ್, ತುಂಬಾ ದಿನದ ನೋವಿಗೆ ರಾತ್ರಿ ಹೊತ್ತು ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ (ಇದು ಖಿನ್ನತೆಯ ಮಾತ್ರೆ ಅಲ್ವಾ ಎಂದು ಮನೆಯವರು ಹೆದರಬಹುದು, ಇಲ್ಲಿ ಕೊಡುವುದು ನೋವಿಗೆ), ಆಮೇಲೆ ಸೂಜಿಯಿಂದ ಕೀಲಿನ ಒಳಗೆ ದ್ರವ ಬಿಟ್ಟು ತೊಳೆಯುವುದು. ಬಹಳ ಜನ ಮೊದಲ ಮೆಟ್ಟಿಲಲ್ಲೇ ಗುಣವಾಗುತ್ತಾರೆ. ಭಾವನಿಗೆ ನಾನು ಹೇಳಿದೆ ಎಂದು ಹೇಳಿ.

ಪ್ರಶ್ನೆ: ಅರಸೀಕೆರೆಯಲ್ಲಿ ನಮ್ಮ ಅತ್ತೆ ಆಕಳಿಸಿದಾಗ ಬಾಯಿ ತೆಗೆದದ್ದು ತೆಗೆದ ಹಾಗೇ ನಿಂತುಬಿಟ್ಟಿತು. ಆಸ್ಪತ್ರೆಯಲ್ಲಿ ಕೂರಿಸಿದರು. ಮತ್ತೆ ಆದರೆ ನಾವೇ ತಳ್ಳಿ ಮುಚ್ಚಬಹುದಾ?

ಉತ್ತರ: ಬೇಡ. ಕೀಲಿನ ಗುಂಡು ಮುಂದಿನ ಮೂಳೆಯ ಉಬ್ಬನ್ನು ದಾಟಿ ಸಿಕ್ಕಿಕೊಂಡಿರುತ್ತದೆ, ಗದ್ದ ಹಿಡಿದು ಮೇಲಕ್ಕೆ ನೂಕಿದರೆ ಇನ್ನಷ್ಟು ಬಿಗಿಯುತ್ತದೆ. ಗೊತ್ತಿದ್ದವರು ಹೆಬ್ಬೆರಳಿಗೆ ಬಟ್ಟೆ ಸುತ್ತಿ ಕೆಳಗಿನ ದವಡೆ ಹಲ್ಲಿನ ಮೇಲಿಟ್ಟು ಮೊದಲು ಕೆಳಕ್ಕೆ, ಆಮೇಲೆ ಹಿಂದಕ್ಕೆ ಒತ್ತುತ್ತಾರೆ. ಬಟ್ಟೆ ಯಾಕೆ ಅಂದರೆ, ಕೂತ ಕ್ಷಣ ಹಲ್ಲು ಗಪ್ಪನೆ ಮುಚ್ಚಿಕೊಳ್ಳುತ್ತದೆ, ಬೆರಳು ಒಳಗೇ ಇರುತ್ತದೆ! ಜೊಲ್ಲು ಸುರಿದರೆ ಗಾಬರಿ ಬೇಡ, ಬಟ್ಟೆ ಹಿಡಿದು ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿ. ಬೇಗ ಹೋದಷ್ಟೂ ಸುಲಭವಾಗಿ ಕೂರುತ್ತದೆ. ಈಗ ಕೆಲವು ವಾರ ಅತ್ತೆಯವರು ಬಾಯಿ ಅಗಲ ತೆಗೆಯಬಾರದು, ಆಕಳಿಕೆ ಬಂದಾಗ ಗದ್ದಕ್ಕೆ ಮುಷ್ಟಿ ಕೊಡಬೇಕು. ಪದೇ ಪದೇ ಆದರೆ ಸರ್ಜನ್ ನೋಡಲಿ. ವಾಂತಿಗೆ ಕೊಡುವ ಕೆಲವು ಮಾತ್ರೆ, ಇಂಜೆಕ್ಷನ್‌ಗಳಿಂದಲೂ ದವಡೆ ತಿರುಚಿ ಹಿಡಿದುಕೊಳ್ಳಬಹುದು, ಅಂಥದ್ದೇನಾದರೂ ತೆಗೆದುಕೊಂಡಿದ್ದರೆ ಡಾಕ್ಟರಿಗೆ ಹೇಳಿ.

ಪ್ರಶ್ನೆ: ನಾನು ಬೇಲೂರಿನವಳು, ಪಿಯುಸಿ ಓದುತ್ತಿದ್ದೇನೆ. ಬಾಯಿ ತೆಗೆದಾಗ ಟಕ್ ಟಕ್ ಸದ್ದು. ನೋವಿಲ್ಲ. ಅಮ್ಮನಿಗೆ ಭಯ.

ಉತ್ತರ: ನೋವಿಲ್ಲ, ಬಾಯಿ ಪೂರ್ತಿ ತೆಗೆಯುತ್ತದೆ ಅಂದರೆ ಚಿಕಿತ್ಸೆ ಬೇಡ. ಕೀಲಿನೊಳಗಿನ ಮೆತ್ತೆ ಸ್ವಲ್ಪ ಜಾರಿ ಮತ್ತೆ ಜಾಗಕ್ಕೆ ಬರುವ ಸದ್ದು ಅದು, ತುಂಬಾ ಜನರಿಗಿದೆ. ಗೆಳತಿಯರಿಗೆ ಕೇಳಿಸಲು ಮತ್ತೆ ಮತ್ತೆ ಟಕ್ ಅನ್ನಿಸಬೇಡಮ್ಮಾ. ಒಂದು ದಿನ ಸದ್ದು ನಿಂತು, ಜೊತೆಗೆ ಬಾಯಿಯೂ ಅರ್ಧಕ್ಕೇ ನಿಂತರೆ ಆಗ ಬೇಗ ತೋರಿಸಬೇಕು.

ಪ್ರಶ್ನೆ: ದವಡೆ ನೋವು ಈಗಷ್ಟೇ ಇಳಿಯುತ್ತಿದೆ. ಮುಂದಿನ ವಾರ ಚನ್ನರಾಯಪಟ್ಟಣದಲ್ಲಿ ತಂಗಿ ಮದುವೆ. ಏನು ತಿನ್ನಲಿ, ಏನು ಬಿಡಲಿ?

ಉತ್ತರ: ನಮ್ಮ ಸೀಮೆಯವರ ಪುಣ್ಯ, ಮುದ್ದೆಯನ್ನು ಅಗಿಯುವ ಹಾಗೇ ಇಲ್ಲ. ಸಣ್ಣ ಸಣ್ಣ ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿ. ಅನ್ನ ಸಾರು, ಮೊಸರನ್ನ, ಇಡ್ಲಿ, ಬೇಳೆ ಪಾಯಸ ಎಲ್ಲಾ ಆಗುತ್ತದೆ. ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ತಿನ್ನಿ. ಗಟ್ಟಿ ಚಕ್ಕುಲಿ, ಒಣಕೊಬ್ಬರಿ, ಕಬ್ಬು, ಚೂಯಿಂಗ್ ಗಮ್ ಮುಟ್ಟಬೇಡಿ, ಎಲೆ ಅಡಿಕೆ ಯಾಕೆ ಬೇಡ ಅಂತ ಮೇಲೆ ಓದಿದ್ದೀರಿ. ಲಾಡು ದೊಡ್ಡದಿದ್ದರೆ ಪುಡಿ ಮಾಡಿಕೊಳ್ಳಿ, ಬಾಯಿ ತುಂಬಾ ತುರುಕಲು ಬರುವ ನೆಂಟರಿಂದ ದೂರ ಇರಿ. ಕೋಡುಬಳೆಯನ್ನು ಕವರಿಗೆ ಹಾಕಿಸಿಕೊಂಡು ಬನ್ನಿ, ಮನೆಯವರು ತಿನ್ನಲಿ.