ಅಮ್ಮನ ಮನೆಗೆ ಅಲೆಕ್ಸಾ: ಕೊಳ್ಳುವ ಮುನ್ನ

ಶಿವಮೊಗ್ಗದಲ್ಲಿ ಒಬ್ಬರೇ ಇರುವ, ಕಣ್ಣು ಮಂಜಾದ ತಾಯಿಗೆ ಅಮೆಜಾನ್ ಕಂಪನಿಯ ಎಕೋ ಸ್ಪೀಕರ್ (ಮಾತಿನಲ್ಲಿ ಹೇಳಿದ್ದನ್ನು ಮಾಡುವ 'ಅಲೆಕ್ಸಾ' ಇರುವುದು ಇದರಲ್ಲೇ) ಕೊಡಿಸಿದರೆ ಅದು ದಿನವಿಡೀ ಮನೆಮಾತು ಕೇಳಿಸಿಕೊಳ್ಳುತ್ತದೆಯೇ ಎಂದು ಕೇಳಿದ್ದೀರಿ. ಮೈಕ್ ಸದಾ ತೆರೆದಿರುತ್ತದೆ ನಿಜ, ಆದರೆ 'ಅಲೆಕ್ಸಾ' ಎಂದು ಕರೆದ ಮೇಲಿನ ಮಾತಷ್ಟೇ ಅಮೆಜಾನ್ ಸರ್ವರ್‌ಗೆ ಹೋಗುತ್ತದೆ. ಆಗ ನೀಲಿ ದೀಪ ಹತ್ತುತ್ತದೆ. ಧಾರಾವಾಹಿಯ ಯಾವುದೋ ಮಾತನ್ನು ತನ್ನ ಹೆಸರೆಂದು ತಿಳಿದು ಎಚ್ಚರವಾಗುವುದೂ ಉಂಟು. ಅದಕ್ಕೇ ಮೈಕ್ ಬಟನ್ ಒತ್ತಿ ಕೆಂಪು ದೀಪ ಬರಿಸುವುದನ್ನು ಅಮ್ಮನ ಕೈಯಿಂದಲೇ ಮಾಡಿಸಿ ರೂಢಿ ಮಾಡಿಸಿ. ಫೋನಿನ ಅಲೆಕ್ಸಾ ಆ್ಯಪ್‌ನ ಪ್ರೈವಸಿ ಸೆಟ್ಟಿಂಗ್‌ನಲ್ಲಿ ರೆಕಾರ್ಡಿಂಗ್‌ಗಳು ತಾವಾಗಿ ಅಳಿಯುವಂತೆ ಇಡಿ. ಮಕ್ಕಳ ಧ್ವನಿಯನ್ನು ಅಳಿಸದೆ ಇಟ್ಟುಕೊಂಡ ಪ್ರಕರಣದಲ್ಲಿ ಅಮೆಜಾನ್ 2023ರಲ್ಲಿ ಅಮೆರಿಕದಲ್ಲಿ 2.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡಿತ್ತು, ಹಾಗಾಗಿ ಈ ಕೆಲಸ ಮುಂದೂಡಬೇಡಿ.

ಕಂಪನಿಗಿಂತ ನನಗೆ ಹೆಚ್ಚು ಚಿಂತೆ ನಮ್ಮಂಥ ಮಕ್ಕಳದ್ದು. 'ಡ್ರಾಪ್ ಇನ್' ಆನ್ ಮಾಡಿದರೆ ಅಮ್ಮ ಕರೆ ಎತ್ತದೆಯೇ ನಿಮಗೆ ಆ ಕೋಣೆಯ ಮಾತು ಕೇಳುತ್ತದೆ. ಬಿದ್ದಾಗ ಅದು ದೊಡ್ಡ ಆಸರೆ. ಪಕ್ಕದ ಮನೆಯವರೊಂದಿಗೆ ಸೊಸೆಯ ವಿಷಯ ಮಾತಾಡುತ್ತಿರುವಾಗ? ದಯವಿಟ್ಟು ಅಮ್ಮನನ್ನು ಕೇಳಿಯೇ ಆನ್ ಮಾಡಿ.

ಮಾತ್ರೆಯ ಹೊತ್ತು ನೆನಪಿಸಲು, ಸುಪ್ರಭಾತ ಹಾಕಲು ಬಹಳ ಚೆನ್ನ. ಆದರೆ ಇಲ್ಲಿ ಅಲೆಕ್ಸಾ ಇಂಗ್ಲಿಷ್, ಹಿಂದಿಯಲ್ಲೇ ನಡೆಯುತ್ತದೆ. ಅಮ್ಮನಿಗೆ ಕನ್ನಡವೇ ಬೇಕಿದ್ದರೆ ಮೊದಲು ಫೋನಿನಲ್ಲಿ ಗೂಗಲ್‌ನ ಜೆಮಿನಿ ಎಂಬ, ಮಾತಿಗೆ ಉತ್ತರಿಸುವ ಆ್ಯಪ್ ತೋರಿಸಿ ನೋಡಿ, ಅದಕ್ಕೆ ಕನ್ನಡ ಬರುತ್ತದೆ.